ಗೌಂಡಿ ಉದ್ದಪ್ಪನ ಕಟ್ಟೆ ಮತ್ತು ಬುಧವಾರದ ಸಂಕ್ರಮಣ

ನೀಲಮಡ್ಡಿಯ ಗೌಂಡಿ ಮಾಳಪ್ಪನ ಮಗ ರಾಯಪ್ಪ, ರಾಯಪ್ಪನ ಮಗ ಉದ್ದಪ್ಪ. ಮಾಳಪ್ಪ ಊರ ಬಾವಿಗೆ ನಲವತ್ತೆರಡು ಮೆಟ್ಟಿಲು ಇಟ್ಟವನು. ಸುಣ್ಣವಿಲ್ಲ, ಗಚ್ಚಿಲ್ಲ, ಕಲ್ಲಿನ ಮೇಲೆ ಕಲ್ಲು ಕೂಡಿಸಿದ್ದಷ್ಟೆ. ಇಷ್ಟು ತಡವೇಕೆ ಎಂದು ಗೌಡರು ಗದರಿದಾಗ, "ನಾ ಒಮ್ಮೆ ಇಡಾಂವ್ರಿ, ನೀವು ದಿನಾ ಇಳಿಯೋರು" ಎಂದಿದ್ದನಂತೆ. ಗೌಡರು ಮತ್ತೆ ಬಾವಿಯ ಕಡೆ ಹಾಯಲಿಲ್ಲ. ರಾಯಪ್ಪ ಊರ ಸಾಲೆಗೆ ತಳಪಾಯ ಹಾಕಿದವನು. ಸಾಲೆ ಕಟ್ಟಿದ, ಸಾಲೆ ಕಲಿಯಲಿಲ್ಲ. ಅವನ ಹೆಂಡತಿ ಸಾವಂತ್ರೆವ್ವ ಗಚ್ಚನ್ನು ಎರಡು ಬೆರಳ ನಡುವೆ ತಿಕ್ಕಿ, "ಇನ್ನೊಂದು ತಾಸು ಅರೀರಿ" ಎಂದರೆ ಅದು ಕೋರ್ಟಿನ ತೀರ್ಪು, ಮೇಲ್ಮನವಿ ಇಲ್ಲ. ಹೆತ್ತ ತಿಂಗಳಿಗೇ ಕೂಸನ್ನು ಗಚ್ಚಿನ ಬುಟ್ಟಿಯಲ್ಲಿ ಮಲಗಿಸಿಕೊಂಡು ಕೆಲಸಕ್ಕೆ ಬಂದ ಹೆಣ್ಣುಮಗಳು. ಆ ಬುಟ್ಟಿಯ ಕೂಸೇ ಉದ್ದಪ್ಪ.

ಹೆಸರು ಉದ್ದಪ್ಪ, ಆಳು ಐದು ಅಡಿಗೆ ಎರಡು ಇಂಚು ಕಡಿಮೆ. ಯಾರಾದರೂ ನಕ್ಕರೆ, "ಹೆಸರಿನಾಗ ಉದ್ದ ಐತಲ್ಲ, ಸಾಕು. ಮೈಯಾಗೂ ಇದ್ದಿದ್ರ ಬಾಗಲಕ್ಕ ತಲಿ ಬಡೀತಿತ್ತು" ಎನ್ನುತ್ತಿದ್ದ. ದೇವರು ತಮಾಷೆಗೆ ಅವನ ಕೊರಳಿಗೆ ಉದ್ದವ್ವನನ್ನೇ ಕಟ್ಟಿದ. ಆಕೆ ಮಾತ್ರ ಖರೆಯಾಗಿಯೂ ಉದ್ದ, ಗಂಡನಿಗಿಂತ ಒಂದು ಗೇಣು ಮೇಲೆ.

ಹೆಣ್ಣು ನೋಡಲು ಹೋದ ದಿನ ಉದ್ದಪ್ಪ ಹುಡುಗಿಯನ್ನು ನೋಡಲೇ ಇಲ್ಲ. ಅವಲಕ್ಕಿ ತಾಟು ಕೈಯಲ್ಲಿ ಹಿಡಿದು ಎದುರಿನ ಗೋಡೆಯನ್ನೇ ನೋಡುತ್ತ ಕೂತ. ಹುಡುಗಿ ಹೇಗಿದ್ದಾಳೆಂದು ಹಿರಿಯರು ಕೇಳಿದರೆ, "ಅರ್ಧ ಬೆರಳ ಹೊರಗ ಬಂದೈತಿ" ಎಂದ. ಒಳಗಿನಿಂದ ಉದ್ದವ್ವ, "ಗ್ವಾಡಿಗೆ ತಾಳಿ ಕಟ್ಟಾಂವೇನು, ಕೇಳ್ರಿ ಅವಂಗ" ಎಂದಳು. ಮದುವೆ ಅಲ್ಲೇ ಗಟ್ಟಿಯಾಯಿತು. ಮದುವೆಯ ಮರುವಾರ ಬೀಗರ ಮನೆಗೆ ಹೋಗಿ ಆ ಗೋಡೆಯನ್ನು ಬಿಚ್ಚಿ ಹೊಸದಾಗಿ ಕಟ್ಟಿಕೊಟ್ಟು ಬಂದ.

ಅವನ ಸ್ವಭಾವವೇ ಅಂಥದ್ದು. ಸೊಟ್ಟಗಿದ್ದದ್ದು ಕಣ್ಣಿಗೆ ಬಿದ್ದರೆ ಊಟ ಸೇರದು. ಒಮ್ಮೆ ಆಡು ತರಲೆಂದು ಹುಕ್ಕೇರಿ ಸಂತೆಗೆ ಹೋದವನು, ಯಾವುದೋ ಅಂಗಡಿಯ ಬಾಗಿಲ ಚೌಕಟ್ಟು ವಾಲಿದ್ದು ಕಂಡು, ಮಾಲೀಕನ ಜೊತೆ ಹೊತ್ತು ಮುಳುಗುವವರೆಗೆ ವಾದಿಸಿ, ಕೊನೇ ಬಸ್ಸಿಗೆ ಬರಿಗೈಯಲ್ಲಿ ಬಂದ. ಜೇಬಿನಲ್ಲಿ ದಾರಕ್ಕೆ ಕಟ್ಟಿದ ಹಿತ್ತಾಳೆಯ ಗುಂಡು ಸದಾ ಇರುತ್ತಿತ್ತು. ಗೋಡೆ ನೆಟ್ಟಗಿದೆಯೋ ಇಲ್ಲವೋ ಎಂದು ಇಳಿಬಿಟ್ಟು ನೋಡುವ ಈ ಗುಂಡಿಗೆ ನಮ್ಮ ಕಡೆ ಓಳಂಬ ಎನ್ನುತ್ತಾರೆ. "ಮನಶಾ ಸುಳ್ಳ ಹೇಳತಾನ, ಓಳಂಬ ಹೇಳೂದಿಲ್ಲ" ಎನ್ನುವುದು ಉದ್ದಪ್ಪನ ವೇದವಾಕ್ಯ.

ಅವನ ಮನೆಯ ಮುಂದೆ ಏಳು ಚಪ್ಪಡಿಯ ಕಟ್ಟೆ, ಹೊರಗಿನ ಸಾಲಿಗೆ ನಾಲ್ಕು, ಒಳಗಿನ ಸಾಲಿಗೆ ಮೂರು. ಗೋಕಾಕದ ಗುಡ್ಡದ ಸೆರಗಿನಿಂದ ಚಕ್ಕಡಿಯಲ್ಲಿ ತಂದ ಕಲ್ಲು. ರಾಯಪ್ಪ ತನ್ನ ಕೊನೆಯ ವರ್ಷ ಕೂತು ಉಳಿ ಹಿಡಿದು ಹಸನು ಮಾಡಿದ್ದು. ಕೂಡಿಸುವ ಹೊತ್ತಿಗೆ ರಾಯಪ್ಪ ಇರಲಿಲ್ಲ, ಉದ್ದಪ್ಪನೇ ಕೂಡಿಸಿದ. ಅಪ್ಪನ ಉಳಿಯ ಗೆರೆಗಳು ಜೋಳದ ಸಾಲಿನಂತೆ ಇಂದಿಗೂ ಕಾಣುತ್ತವೆ. ಓಣಿಯ ಜಗಳ, ಸಂಬಂಧ, ಮಳೆ, ಕಬ್ಬು, ಮೂಡಲಗಿ ಬಸ್ಸಿನ ದಾರಿ ಕಾಯುವುದು, ಎಲ್ಲ ಅದರ ಮೇಲೆಯೇ.

ಹೋದ ವರ್ಷ ನೀಲಮಡ್ಡಿ ಪಟ್ಟಣ ಪಂಚಾಯಿತಿಯಾಯಿತು. ಮೊದಲು ಬೋರ್ಡು ಬಂತು, ಬೋರ್ಡಿನ ಹಿಂದೆ ಕಾಯಿದೆ ಬಂತು. ಓಣಿಯ ನಟ್ಟನಡುವಿನಿಂದ ಎರಡೂ ಬದಿಗೆ ಒಂಬತ್ತೊಂಬತ್ತು ಅಡಿ ಬಿಡಬೇಕು, ಅದರೊಳಗೆ ಬಂದದ್ದೆಲ್ಲ ಅತಿಕ್ರಮಣ. ಸುಮನ್ ಎಂಬ ಇಂಜಿನಿಯರ್ ಹುಡುಗಿ ಸ್ಕೂಟಿಯ ಮೇಲೆ ಬಂದು, ಟೇಪು ಹಿಡಿದು, ಕಟ್ಟೆ ಮೆಟ್ಟಿಲು ತಗಡುಗಳಿಗೆಲ್ಲ ಕೆಂಪು ಗೆರೆ ಎಳೆದು ಹೋದಳು. ಉದ್ದಪ್ಪನ ಕಟ್ಟೆ ಒಂದೂವರೆ ಅಡಿ ಹೊರಗೆ ಎಂದು ಬರೆದುಕೊಂಡಳು. ಮಿಷನ್ ಬರುವ ದಿನವನ್ನು ಡಂಗುರ ಸಾರಿಸುತ್ತೇವೆ, ಅದರೊಳಗೆ ತಾವೇ ತೆಗೆದುಕೊಂಡರೆ ಒಳ್ಳೆಯದು ಎಂದಳು.

ಅಂದು ಸಂಜೆ ಕಟ್ಟೆಯ ಮೇಲೆ ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು.

ಎದುರು ಮನೆಯ ಅನ್ನಪೂರ್ಣಾ ಟೀಚರ್ ಕಾಯಿದೆಯ ಕಡೆ. ಶ್ರಾವಣದಲ್ಲಿ ಅವಳ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಾಗ ಆಂಬುಲೆನ್ಸು ಓಣಿಯ ಬಾಯಲ್ಲೇ ನಿಂತುಬಿಟ್ಟಿತ್ತು. "ಘಟಪ್ರಭಾ ದವಾಖಾನಿಗೆ ಒಯ್ಯಾಕ ಹೊರಸಿನ ಮ್ಯಾಲ ಹೊತ್ತೊಯ್ದಿವಿ. ಈ ಕಟ್ಟಿ ದಾಟೂದ್ರಾಗ ಹೊರಸು ಎರಡ ಸಲ ಗ್ವಾಡಿಗೆ ಬಡೀತು. ನಾಳೆ ನಿಮ್ಮನಿಯಾಗ ಯಾರರ ಬಿದ್ರ?"

"ಖರೆ ಐತವಾ," ಎಂದಳು ಅವಳ ಅತ್ತೆ, ಅದೇ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದವಳು. "ಆದ್ರ ಇದನ್ನ ತಗದ್ರ ನಾ ಎಲ್ಲಿ ಕೂಡ್ಲಿ?"

ಕಿರಾಣಿ ಅಂಗಡಿಯ ಶ್ರೀಶೈಲ ಅನ್ನಪೂರ್ಣಾಳ ಬಾಜೂದವನು. ಅವನ ತಗಡು ಗಟಾರ ದಾಟಿ ಓಣಿಗೆ ನೆರಳು ಕೊಡುತ್ತದೆ. "ಕಾಯಿದೆ ಬೇಕ್ರಿ, ಬ್ಯಾಡ ಅಂದಾವ್ರು ಯಾರು? ಆದ್ರ ಅಂಗಡಿಗೆ ಅಲ್ಲ. ಅಂಗಡಿ ಅಂದ್ರ ಸೇವಾ."

"ಸೇವಾ ಮಾಡಾಂವ ಸಕ್ಕರಿ ತೂಗೂ ಮುಂದ ತಕಡಿಗೆ ಬೆರಳ ಯಾಕ ಹಚ್ಚತಿ?" ಎಂದಳು ಸುಂದ್ರವ್ವ, ಉದ್ದಪ್ಪನ ಪಕ್ಕದ ಮನೆಯವಳು. ಅವಳ ಎಮ್ಮೆ ಇರುವುದೇ ಓಣಿಯ ನಡುವೆ. ಎಮ್ಮೆಯೂ ಅತಿಕ್ರಮಣವೇ ಎಂದು ಶ್ರೀಶೈಲ ತಿರುಗಿ ಚುಚ್ಚಿದಾಗ, "ಕೊಡ್ಲಿ ಅದಕ್ಕೂ ನೋಟೀಸು. ನಿನ್ನಷ್ಟ ಓದತೈತಿ ಅದೂ" ಎಂದು ಸೆರಗು ಕೊಡವಿದಳು.

ಉದ್ದಪ್ಪ ಅಪ್ಪನ ಉಳಿಯ ಗೆರೆಯ ಮೇಲೆ ಬೆರಳಾಡಿಸುತ್ತ ಕೂತಿದ್ದ. ಹುಕ್ಕೇರಿ ಹಾದಿಯಲ್ಲಿ ಒಂದು ಹಳೇ ಗೋಡೆ ಜೆಸಿಬಿಯ ಬಾಯಿಗೆ ಸಿಕ್ಕಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಹಸನಾದ ಕಲ್ಲುಗಳು ಗಳಿಗೆಯಲ್ಲಿ ಒಡೆದು ಖಡಿಯಾಗಿದ್ದವು. ಕೊನೆಗೆ ಹೇಳಿದ: "ಕಟ್ಟಿ ಹೋದ್ರ ಹೋಗ್ಲಿ. ಅಳತಿ ಅಂದ್ರ ಅಳತಿ. ಆದ್ರ ಆ ಕಬ್ಬಿಣದ ಹಲ್ಲ ನಮ್ಮಪ್ಪನ ಕಲ್ಲಿಗೆ ತಾಗಬಾರ್ದು. ಮಿಷನ್ ಬರೂ ದಿನ ಗೊತ್ತಾಗ್ಲಿ, ಹಿಂದಿನ ದಿನ ನಾನ ಕಲ್ಲ ಎಬ್ಬಿಸಿ ಹಿತ್ತಲಕ್ಕ ಒಯ್ತೇನಿ."

ಅಂದಿನಿಂದ ಅವನ ಕಿವಿಯೆಲ್ಲ ಡಂಗುರದ ಕಡೆಗೇ.

ಈ ನಡುವೆ ಸಂಕ್ರಮಣ ಬಂತು. ಈ ಸಲ ಒಂದು ಕ್ಯಾಲೆಂಡರಿನಲ್ಲಿ ಅದು ಬುಧವಾರ ಬಿದ್ದರೆ ಇನ್ನೊಂದರಲ್ಲಿ ಗುರುವಾರ. ಸುಂದ್ರವ್ವ ಬುಧವಾರದ ಪಕ್ಷ, ಉದ್ದವ್ವ ಗುರುವಾರದ ಪಕ್ಷ. ಸಜ್ಜಿ ಹಿಟ್ಟು ಬೀಸಿಕೊಂಡು ಬಂದು ಎರಡೂ ಪಕ್ಷದವರು ಕಾದು ಕೂತರು. ಸೋಮವಾರ ಹನ್ನೊಂದರ ಸುಮಾರಿಗೆ, ಅನ್ನಪೂರ್ಣಾ ಸಾಲೆಯಲ್ಲಿದ್ದ ಹೊತ್ತಿನಲ್ಲಿ, ಪಂಚಾಯಿತಿಯ ಕಸದ ಗಾಡಿ ಸಾರುತ್ತ ಓಣಿಗೆ ಬಂತು. ಅದರ ಮೈಕಿನ ಹರಕು ಕರ್ಣಿ ಪ್ರತಿ ಮಾತಿನ ತಲೆಯನ್ನು ನುಂಗಿ ಬಾಲವನ್ನಷ್ಟೇ ಉಗುಳುತ್ತಿತ್ತು. "...ಕ್ರಮಣ! ...ಕ್ರಮಣ! ಬುಧವಾರ ಮುಂಜಾನೆ ಒಂಬತ್ತಕ್ಕ! ...ಜನಿಕರು ಸಹಕರಿಸಬೇಕು!"

ಸುಂದ್ರವ್ವ ಒಲೆ ಬಿಟ್ಟು ಓಡಿ ಬಂದಳು. "ಕೇಳಿದೇನ ಉದ್ದವ್ವಾ? ಸರಕಾರನ ಒದರಾಕತ್ತೈತಿ, ಸಂಕ್ರಮಣ ಬುಧವಾರ!"

"ಸಂಕ್ರಮಣಕ್ಕ ಸಹಕರಿಸಬೇಕು ಅಂದ್ರ ಏನು?" ಎಂದ ಶ್ರೀಶೈಲ.

"ಎಳ್ಳು ಹಚ್ಚಿಕೊಂಡು ಮೈ ತೊಳಕೊಳ್ರಿ ಅಂತ. ನಿನ್ನಂಥಾವ್ರು ಅದಾರ ಅಂತನ ಸಾರಸ್ಯಾರ."

ಸರಕಾರವೇ ಸಾರಿದ ಮೇಲೆ ಉದ್ದವ್ವನೂ ಸೋತಳು. ಉದ್ದಪ್ಪ ಹಿತ್ತಲಲ್ಲಿ ಕಲ್ಲು ಎಬ್ಬಿಸುವ ಹಾರಿಯನ್ನು ಹಸನು ಮಾಡುತ್ತಿದ್ದ. ಏನು ಸಾರಿದರು ಎಂದು ಕೇಳಿದ. "ಸಂಕ್ರಮಣ ಬುಧವಾರಂತ" ಎಂದಳು ಹೆಂಡತಿ. "ಕಸದ ಗಾಡಿಯವರಿಗೆ ಪಂಚಾಂಗದ ಉಸಾಬರಿ ಯಾಕ ಬಂತು" ಎಂದು ಗೊಣಗಿ ಮತ್ತೆ ಹಾರಿಗೆ ಕೈ ಹಚ್ಚಿದ. ಕಿವಿ ಡಂಗುರದ ಕಡೆಗಿದ್ದವನಿಗೇ ಡಂಗುರ ತಪ್ಪಿತು.

ಬುಧವಾರ ಬೆಳಗ್ಗೆ, ಸಾಲೆಯ ರಜೆ ಗುರುವಾರವೆಂದು ಉಳಿದ ಅನ್ನಪೂರ್ಣಾಳನ್ನು ಬಿಟ್ಟು, ಓಣಿಗೆ ಓಣಿಯೇ ಕೀಲಿ ಹಾಕಿಕೊಂಡು ಟ್ರ್ಯಾಕ್ಟರ್ ಹತ್ತಿ ಹೊಳೆಗೆ ಹೋಯಿತು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಮಾದಲಿ, ಗಡಿಗೆ ತುಂಬ ಮೊಸರು. ಎಮ್ಮೆಯೊಂದೇ ಓಣಿ ಕಾಯಲು ಉಳಿಯಿತು. ಉದ್ದಪ್ಪ ಮೈಗೆಲ್ಲ ಎಳ್ಳು ತಿಕ್ಕಿಸಿಕೊಂಡು ಮೂರನೆಯ ಮುಳುಗು ಹಾಕಿ ಏಳುವಷ್ಟರಲ್ಲಿ ದಂಡೆಯಲ್ಲಿ ಶ್ರೀಶೈಲನ ಫೋನು ಬಡಕೊಂಡಿತು. ಹಚ್ಚಿದವಳು ಸಾಲೆಗೆ ಹೊರಟಿದ್ದ ಅನ್ನಪೂರ್ಣಾ.

"ಎಲ್ಲೆದೀರಿ ಎಲ್ಲಾರೂ? ಓಣಿ ಬಾಯಾಗ ಜೆಸಿಬಿ ಬಂದು ನಿಂತೈತಿ! ಉದ್ದಪ್ಪ ಕಾಕಾಗ ಹೇಳ್ರಿ ಲಗೂನ!"

"ಟೀಚರ, ನೀವು ಕಾಯಿದೆ ಕಡೀಯವರಲ್ಲ?" ಎಂದ ಶ್ರೀಶೈಲ.

"ನನಗ ಹಾದಿ ಬೇಕ್ರಿ, ಕಾಕಾನ ಕಲ್ಲಿನ ಪುಡಿ ಅಲ್ಲ! ಇಂಜಿನಿಯರ್ ಮೇಡಂಗ ಮಾತಿಗೆ ಹಚ್ಚಿ ನಿಲ್ಲಿಸೇನಿ, ಬರ್ರಿ!"

ಉದ್ದಪ್ಪ ತೊಯ್ದ ಧೋತರದಲ್ಲೇ ಟ್ರ್ಯಾಕ್ಟರ್ ಹತ್ತಿದ. ಎಡಗಿವಿಯ ಹಿಂದೆ ಅಂಟಿದ ಎಳ್ಳು ಹಾಗೇ ಇತ್ತು. ಸುಂದ್ರವ್ವ, ಅತಿಕ್ರಮಣವನ್ನು ಸಂಕ್ರಮಣ ಮಾಡಿ ಸರಕಾರ ಮೋಸ ಮಾಡಿತೆಂದು ಬೈಯುತ್ತಲೇ ಬಂದಳು.

ಓಣಿಯಲ್ಲಿ ಅನ್ನಪೂರ್ಣಾಳ ಮಾತಿಗೆ ಸಿಕ್ಕ ಸುಮನ್ ಕೀಲಿ ಹಾಕಿದ ಬಾಗಿಲುಗಳ ಮುಂದೆ ಪೆಚ್ಚಾಗಿ ನಿಂತಿದ್ದಳು. ಜೆಸಿಬಿಯ ಮುಂದೆ ಎಮ್ಮೆ ಅಡ್ಡ ಮಲಗಿ ಮೆಲುಕು ಹಾಕುತ್ತಿತ್ತು. "ಎಲ್ಲಿ ಹೋಗಿದ್ರಿ? ಡಂಗುರಾ ಹೊಡಿಸಿದ್ದಿಲ್ಲೇನು?" ಎಂದು ಗದರಿದಳು ಸುಮನ್.

"ಹೊಡಿಸಿದ್ರಲ್ಲವಾ, ಅದನ್ನ ಕೇಳೇ ಹೊಳಿಗೆ ಹೋಗಿದ್ವಿ," ಎನ್ನುತ್ತ ಸುಂದ್ರವ್ವ ಬೈಗುಳವನ್ನೆಲ್ಲ ನುಂಗಿ, ಕುಸುರೆಳ್ಳಿನ ಡಬ್ಬಿ ತೆಗೆದು ಅವಳ ಅಂಗೈಗೆ ಸುರಿದಳು. "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೂಣು."

ಸಂಕ್ರಮಣದ ಎಳ್ಳನ್ನು ಯಾರಾದರೂ ಕೊಟ್ಟರೆ ಒಲ್ಲೆ ಎನ್ನುವಂತಿಲ್ಲ, ತಿಂದ ಬಾಯಲ್ಲಿ ಬಿರುಸು ಮಾತು ಆಡುವಂತಿಲ್ಲ. ಸುಮನ್ ಕೂಡ ಈ ಕಡೆಯ ಹುಡುಗಿಯೇ. ಹಿಂದೆಯೇ ಉದ್ದವ್ವ ಕೊಟ್ಟಳು, ಟೀಚರ್ ಅತ್ತೆ ಕೊಟ್ಟಳು. ಬಾಯಿ ತುಂಬ ಕುಸುರೆಳ್ಳು ತುಂಬಿಕೊಂಡ ಇಂಜಿನಿಯರು ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ನಕ್ಕುಬಿಟ್ಟಳು. "ಆಯ್ತು. ಹೊತ್ತು ಮುಳುಗೂತನಾ ಬಿಡ್ತೀನಿ. ನೀವ ತಕ್ಕೊಂಡ್ರ ಮಿಷನ್ ಮುಟ್ಟೂದಿಲ್ಲ. ಗೆರಿ ಎಲ್ಲಿ ಐತೋ ಅಲ್ಲೀತನಾ ಮಾತ್ರ."

ಉದ್ದಪ್ಪ ಆ ಗೆರೆಯನ್ನೇ ನೋಡುತ್ತಿದ್ದ. ಹೆಣ್ಣು ನೋಡಲು ಹೋದಾಗ ಗೋಡೆ ನೋಡಿದ ಅದೇ ಕಣ್ಣು.

"ಮೇಡಮ್ಮಾರ, ಓಣಿ ನಡಬರಕ ಹೆಂಗ ಹಿಡದ್ರಿ?"

"ಟೇಪ್ ಹಿಡದು."

"ಟೇಪ ಜೋತು ಬಿದ್ದಿತ್ತು. ಇದು ಸರೀ ಇಲ್ಲ."

ಓಣಿಯವರ ಮುಖ ಅರಳಿತು. ಉದ್ದಪ್ಪ ದಾರ ತರಿಸಿದ. ಗೋಡೆಯಿಂದ ಗೋಡೆಗೆ ಬಿಗಿದು ಕಟ್ಟಿಸಿದ, ಬಿಚ್ಚಿ ಎರಡಾಗಿ ಮಡಚಿ ನಡುವಿಗೆ ಗುರುತು ಹಾಕಿ ಮತ್ತೆ ಬಿಗಿದ, ಅಲ್ಲಿಂದ ಓಳಂಬ ಇಳಿಬಿಟ್ಟ. ಗುಂಡು ತೂಗಾಡಿ ತೂಗಾಡಿ ನಿಂತಿತು. ಎರಡು ಸಲ ನೋಡಿದ, ಮೂರನೇ ಸಲವೂ ನೋಡಿದ.

"ನೀವು ಹಿಡಿದ ನಡಬರಕ ಮೂರು ಇಂಚು ಆ ಕಡೆ ಐತ್ರಿ, ಖರೇ ನಡಬರಕ ನಮ್ಮ ಕಡೆ. ನನ್ನ ಕಟ್ಟಿ ಒಂದೂವರಿ ಅಡಿ ಅಲ್ಲ, ಒಂದು ಅಡಿ ಒಂಬತ್ತು ಇಂಚು ಹೊರಗೈತಿ. ಗೆರಿ ಒಳಗ ಸರಸ್ರಿ."

ಅರಳಿದ ಮುಖಗಳು ಬಾಡಿದವು. ಮೊದಲು ಬಾಯಿ ಬಿಟ್ಟವಳು ಸುಂದ್ರವ್ವ. "ನಿನ್ನ ಬಾಯಿಗೆ ಮಣ್ಣ ಹಾಕ! ಆಕಿ ಮರತದ್ದನ್ನ ನೀ ನೆನಪ ಮಾಡಿಕೊಟ್ಟೇನು? ನನ್ನ ಮೆಟ್ಟಲಾನೂ ಮೂರು ಇಂಚು ಹೋತಲ್ಲೋ!"

"ನಮ್ಮ ಕಡೆ ಮೂರು ಇಂಚು ಉಳೀತು!" ಎಂದು ಎದುರು ಬದಿಯ ಶ್ರೀಶೈಲ ಚಪ್ಪಾಳೆ ತಟ್ಟಿದ. "ಕಾಕಾ, ದೇವರಂಥಾ ಮನಶಾರಿ ನೀವು!"

"ನಿನ್ನ ತಗಡು ನಾಕು ಅಡಿ ಹೊರಗೈತಿ. ಮೂರು ಇಂಚಿಗೆ ಕುಣೀಬ್ಯಾಡ."

ಉದ್ದವ್ವ ಗಂಡನ ಹತ್ತಿರ ಬಂದು ದನಿ ಇಳಿಸಿದಳು. "ಆ ಗೆರಿಗೆ ಬಿಟ್ಟಿದ್ರ ಒಳಗಿನ ಸಾಲಿನ ಮೂರು ಕಲ್ಲರ ಉಳೀತಿದ್ದೂ. ಈಗ ಏಳೂ ಹೋಗತಾವಲ್ಲ."

"ಹೋಗತಾವು," ಎಂದ ಉದ್ದಪ್ಪ. "ಖೊಟ್ಟಿ ಗೆರಿ ಮ್ಯಾಲ ನಮ್ಮಪ್ಪನ ಕಲ್ಲ ಹೆಂಗ ಕೂಡಿಸ್ಲೇ? ದಿನಾ ಅದರ ಮ್ಯಾಲ ಕೂಡಾಂವ ನಾನು." ಉದ್ದವ್ವ ಒಳಗೆ ಹೋಗಿ ಅವನ ಒಣ ಧೋತರ ತಂದು ಕೊಟ್ಟಳು, ಹಾರಿ ತಂದು ಗೋಡೆಗೆ ಆನಿಸಿದಳು.

ಮಧ್ಯಾಹ್ನದ ಬಿಸಿಲಿನಲ್ಲಿ ಉದ್ದಪ್ಪ ಮೊದಲನೇ ಚಪ್ಪಡಿಯ ಸಂದಿಗೆ ಹಾರಿ ಇಟ್ಟು, ಕೆಳಗೊಂದು ಬೆಣಚುಕಲ್ಲು ಕೊಟ್ಟು, ತೂಕ ಹಾಕಿದ. ಕಲ್ಲು ಅಲುಗಲಿಲ್ಲ. ಮೂವತ್ತು ವರ್ಷದ ಹಿಂದೆ ತಾನೇ ಹಾಗೆ ಕೂಡಿಸಿದ್ದ. ಮತ್ತೆ ಒತ್ತಿದ. ಮೂರನೇ ಸಲ ಕಲ್ಲು ಎರಡು ಬೆರಳು ಎದ್ದಿತು. ಅಡಿಗೆ ಉರುಳುಗಟ್ಟಿಗೆ ಸೇರಿಸಿದ. ಅರವತ್ತೆಂಟರ ಮೈ, ಇನ್ನೂ ಆರು ಕಲ್ಲು, ಹೊತ್ತು ಆಗಲೇ ಬೇವಿನ ಮರದ ಮೇಲಿಂದ ವಾಲಿತ್ತು.

ಜನಕ್ಕೆ ತಡೆಯಲಾಗಲಿಲ್ಲ. ಅಷ್ಟೊತ್ತು ಬೈದ ಸುಂದ್ರವ್ವನೇ ಮೊದಲು ಸೆರಗು ಕಟ್ಟಿ ನಿಂತಳು. ಶ್ರೀಶೈಲ ನಾಲ್ಕು ಗಟ್ಟಿ ಆಳು ಕರೆದು ತಂದ. ಬೇಕಾದರೆ ಗೋಕಾಕಿನಲ್ಲಿ ತನ್ನ ಮಂದಿ ಇದ್ದಾರೆ, ಒಂದು ಫೋನು ಹಚ್ಚಿದರೆ ಕಟ್ಟೆ ಇದ್ದಲ್ಲೇ ಇರುತ್ತದೆ ಎಂದೂ ಕಿವಿಯಲ್ಲಿ ಊದಿದ. ಸುಮನ್ ಮುಂದೆ ಬಂದು, "ಕಾಕಾ, ಮಿಷನ್ನಿಗೆ ಪಟ್ಟಾ ಕಟ್ಟಿ ಹಗುರಕ ಎತ್ತಸ್ತೀನ್ರಿ, ಹಲ್ಲು ತಾಗೂದಿಲ್ಲ" ಎಂದಳು. ಅವಳ ಕಣ್ಣಲ್ಲಿ ಮರುಕವಿತ್ತು.

ಉದ್ದಪ್ಪ ಹಾರಿಯನ್ನು ನೆಲಕ್ಕೆ ಊರಿ ಬೆವರು ಒರೆಸಿಕೊಂಡ.

"ಹಿಂದ ಸರೀರಿ ಎಲ್ಲಾರೂ. ಏ ಶ್ರೀಶೈಲ, ಕೈ ತಗಿ, ಅದು ನಿನ್ನ ಅಂಗಡಿ ಬೆಲ್ಲದ ಪೆಂಟಿ ಅಲ್ಲ. ಆ ಫೋನೂ ಕಿಸೇದಾಗ ಇಟ್ಕೋ. ಮೇಡಮ್ಮಾರ, ನಿಮ್ಮ ಪಟ್ಟಾ ನಿಮ್ಮ ಹತ್ರನ ಇರ್ಲಿ. ಕೂಡಿಸಿದಾಂವ ನಾನು, ಎಬ್ಬಸಾಂವನೂ ನಾನ. ನನಗ ಯಾರ ಕೈನೂ ಬ್ಯಾಡ. ಅಷ್ಟು ನಿಮ್ಮ ಕೈ ತುರಸಾಕತ್ತಿದ್ರ ಹೋಗ್ರಿ, ನಿಮ್ಮ ನಿಮ್ಮ ಮನಿ ಮುಂದ ಗೆರಿ ದಾಟಿದ್ದಕ್ಕ ಹಚ್ಚರಿ!"