ಮೊದಲು ತಮ್ಮ ಬಾಯಿ ತೋರಿಸುತ್ತಿದ್ದ ಸಿಸ್ಟರ್

ಸರೋಜಾ ಸಿಸ್ಟರ್ ರೋಗಿಗೆ ಮಾತ್ರೆ ನುಂಗಿಸಿದ ಮೇಲೆ ಮೊದಲು ತಮ್ಮ ಬಾಯಿ ತೆರೆಯುತ್ತಿದ್ದರು. ಆ ಅಂತ ಅಗಲಿಸಿ, ನಾಲಿಗೆ ಎತ್ತಿ, ಮುಖ ಆ ಕಡೆ ಈ ಕಡೆ ತಿರುಗಿಸಿ ತೋರಿಸುವರು. ಎಡಗಡೆ ಎರಡು ದವಡೆ ಹಲ್ಲಿಲ್ಲದ್ದು ಇಡೀ ವಾರ್ಡಿಗೆ ಗೊತ್ತಿತ್ತು. "ನನ್ನ ಬಾಯಾಗ ಮಾತ್ರೀನೂ ಇಲ್ಲ, ಹಲ್ಲೂ ಇಲ್ಲ. ಈಗ ನಿನ್ನ ಪಾಳಿ," ಅನ್ನುವರು. ರೋಗಿಗಳು ನಕ್ಕು ಬಾಯಿ ತೆರೆಯುತ್ತಿದ್ದರು. ನಾಲಿಗೆಯಡಿ ಬಚ್ಚಿಟ್ಟ ಮಾತ್ರೆ ಆಗ ಸಿಗುತ್ತಿತ್ತು.

ನರ್ಸಿಂಗ್ ಮೂರನೇ ವರ್ಷದಲ್ಲಿ ನಮ್ಮನ್ನು ಹೊಸಪೇಟೆಯ ಒಂದು ಸಣ್ಣ ಮನೋರೋಗ ಆಸ್ಪತ್ರೆಗೆ ಹಾಕಿದ್ದರು. ವಾರ್ಡು ನೋಡಿಕೊಳ್ಳುತ್ತಿದ್ದವರು ಸರೋಜಾ ಸಿಸ್ಟರ್. ಟಿ.ಬಿ. ಡ್ಯಾಮಿನ ತಮ್ಮ ಮನೆಯಿಂದ ಬಸ್ಸಿಗೆ ಬಂದವರೇ, ಬ್ಯಾಗು ಇಡುವ ಮೊದಲು ಎಲ್ಲ ಮಂಚಗಳನ್ನೂ ಒಂದು ಸುತ್ತು ಹಾಕುವರು. ನಾನೊಮ್ಮೆ "ನಾಲ್ಕನೇ ನಂಬರಿಗೆ ಜ್ವರ" ಅಂದೆ. "ನಂಬರ್ ಇರೋದು ಮಂಚಕ್ಕ. ಮಂಚಕ್ಕ ಜ್ವರ ಬಂದೈತೇನು?" ಅಂದರು. ಮುಂದೆ ಮನೋರೋಗ ಶುಶ್ರೂಷೆಯನ್ನೇ ಓದಬೇಕೆಂದು ನಾನು ಹಟ ಹಿಡಿದದ್ದು ಇವರನ್ನು ನೋಡಿಯೇ. "ಹುಚ್ಚರ ದವಾಖಾನಿ ನರ್ಸಮ್ಮನ್ನ ಯಾರು ಮದಿವಿ ಆಗ್ತಾರ?" ಎಂದು ಅವ್ವ ಗೊಣಗಿದರೂ ಬಿಟ್ಟಿರಲಿಲ್ಲ.

ಹಟ ಮುರಿದದ್ದು ನೀಲಮ್ಮ ದೊಡ್ಡಮ್ಮನಿಂದ. ಅಲ್ಲ, ನನ್ನಿಂದಲೇ. ನಮ್ಮೂರು ಕಂಪ್ಲಿಯಲ್ಲಿ ನಮ್ಮ ಓಣಿಯವಳು, ನನ್ನನ್ನು ಎತ್ತಿ ಆಡಿಸಿದವಳು, ಈಗ ವಾರ್ಡಿನಲ್ಲಿದ್ದಳು. ಚೇತರಿಸಿಕೊಳ್ಳುತ್ತಿದ್ದಳು, ಮನೆಗೆ ಕಳಿಸುವ ಮಾತು ನಡೆದಿತ್ತು. ಸಂಜೆಯ ಮಾತ್ರೆಗಳನ್ನು ಸಿಸ್ಟರ್ ನನ್ನನ್ನು ನಂಬಿ ಒಪ್ಪಿಸಿದ್ದರು. ಎತ್ತಿ ಆಡಿಸಿದವಳಿಗೆ ಬಾಯಿ ತೋರಿಸು ಅನ್ನುವುದು ಹೇಗೆ? ನೀರು ಕುಡಿದಳಲ್ಲ, ಸಾಕು ಎಂದು ಚಾರ್ಟಿನಲ್ಲಿ ಗುರುತು ಹಾಕಿಬಿಡುತ್ತಿದ್ದೆ. ಎರಡು ವಾರ ಹೀಗೇ ನಡೆಯಿತು.

ಮನೆಗೆ ಕಳಿಸುವ ದಿನ ಮಗ ಹೊಸ ಸೀರೆ ತಂದಿದ್ದ. ದೊಡ್ಡಮ್ಮ ಅದನ್ನು ಅವನ ಮುಖಕ್ಕೆ ಎಸೆದು, "ವಿಷ ಹಾಕಾಕ ಬಂದೀ ಏನು?" ಎಂದು ಚೀರಿ ಅವನ ಕೈ ಕಚ್ಚಿದಳು. ಆಮೇಲೆ ಹುಡುಕಿದರೆ ದಿಂಬಿನೊಳಗೆ ಸಂಜೆಯ ಮಾತ್ರೆಗಳೆಲ್ಲ ಇದ್ದವು. ಸೀರೆ ಮಡಚಿಕೊಂಡು ಹೋದ ಮಗ ಮತ್ತೆ ಫೋನು ಎತ್ತಲಿಲ್ಲ.

"ದೊಡ್ಡಾಕಿ ಅಂತ ಮರ್ಯಾದಿ ಕೊಟ್ಟೆ ಸಿಸ್ಟರ್," ಅಂದೆ.

"ಅದು ಮರ್ಯಾದಿ ಅಲ್ಲ, ನಾಚಿಕಿ. ನಿನ್ನ ನಾಚಿಕಿ ಉಳಿಸ್ಕಳ್ಳಾಕ ಆಕಿ ಮನಿ ಕಳದಿ."

ಅಷ್ಟು ಕಟುವಾಗಿ ಅವರು ಮಾತಾಡಿದ್ದು ನಾನು ಕೇಳಿರಲಿಲ್ಲ. ಮಾರನೆಯ ದಿನ, ಈ ಕೆಲಸ ನನ್ನ ಕೈಲಿ ಆಗಲ್ಲ, ಮಕ್ಕಳ ವಿಭಾಗ ತಗೊಂತೀನಿ ಅಂದಾಗ ಅವರು ತಮ್ಮ ಚಹಾದಲ್ಲಿ ಅರ್ಧ ನನಗೆ ಬಗ್ಗಿಸಿದರು. "ನನಗೂ ಇನ್ನೂ ಒಗ್ಗಿಲ್ಲ ತಂಗಿ. ದಿನಾ ಬಸ್ ಹತ್ತಬೇಕಾದ್ರ ಇವತ್ತ ಯಾರ ಮಾತ್ರಿ ತಪ್ಪಸ್ತೀನೋ ಅಂತ ಅಂಜಿಕಿ ಬರ್ತೈತಿ. ಅದು ನಿಂತ ದಿನ ಮನ್ಯಾಗ ಕುಂದ್ರತೀನಿ." ನನಗೇನೂ ಸಮಾಧಾನವಾಗಲಿಲ್ಲ. ಚಹಾ ಮಾತ್ರ ಕುಡಿದೆ.

ಅವರು ಮನೆಯಲ್ಲಿ ಕೂರುವ ದಿನ ಬರಲೇ ಇಲ್ಲ. ನಮ್ಮ ಪೋಸ್ಟಿಂಗ್ ಮುಗಿಯಲು ವಾರವಿದ್ದಾಗ, ಬಸ್ಸಿಗೆಂದು ನಿಂತವರು ಅಲ್ಲೇ ಕುಸಿದರಂತೆ. ಎದೆನೋವು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು. ನನಗೆ ತಾಯಿ ಸತ್ತಷ್ಟೇ ದುಃಖವಾಯಿತು.

ರೋಗಿಗಳಿಗೆ ಮಾತ್ರ ಯಾರೂ ಹೇಳಲಿಲ್ಲ. ಸಿಸ್ಟರ್ ರಜಾ ಹಾಕ್ಯಾರ, ಇಷ್ಟೇ. ದೊಡ್ಡಮ್ಮ ಅಷ್ಟರಲ್ಲಿ ಮತ್ತೆ ತಿಳಿಯಾಗುತ್ತಿದ್ದಳು. ಆದರೆ ಮೂರು ದಿನ ಮಾತ್ರೆ ಮುಟ್ಟಲಿಲ್ಲ. "ಸರೋಜಮ್ಮ ಬರ್ಲಿ, ಆಕಿ ಕೈಲೇ ತಗಂತೀನಿ," ಅನ್ನುವಳು. ಮೂರನೇ ದಿನ ಮಧ್ಯಾಹ್ನ ನಾನು ಮಂಚದ ಅಂಚಿಗೆ ಕೂತು ಹೇಳಿದೆ: "ಸಿಸ್ಟರ್ ಬರಲ್ಲ ದೊಡ್ಡಮ್ಮ. ತೀರಿಕೊಂಡ್ರು." ಹೇಳಿ ನಾನೇ ಮೊದಲು ಅತ್ತೆ. ರೋಗಿಯ ಮುಂದೆ ಅಳಬಾರದೆಂದು ಕಲಿಸಿದ್ದರು, ಏನು ಮಾಡಲಿ.

ದೊಡ್ಡಮ್ಮ ಎದ್ದು ಕೂತಳು. "ಎಲ್ಲಾರೂ ರಜಾ ಅಂದ್ರು. ನೀನರ ಖರೇ ಹೇಳಿದಿ." ಕೈ ಚಾಚಿ ಮಾತ್ರೆ ಇಸಿದುಕೊಂಡು ನುಂಗಿ, ಕೇಳುವ ಮೊದಲೇ ಬಾಯಿ ತೆರೆದು ತೋರಿಸಿದಳು. ಆಮೇಲೆ ಕೇಳಿದಳು: "ನನ್ನ ಮಗ ಬರ್ತಾನೇನವ್ವ? ಅದನ್ನೂ ಖರೇ ಹೇಳು."

ಸಿಸ್ಟರ್ ಇದ್ದಿದ್ದರೆ ಏನು ಹೇಳುತ್ತಿದ್ದರೋ, ನನಗೆ ತಿಳಿಯಲಿಲ್ಲ.

"ಫೋನ್ ಎತ್ತವಲ್ಲ ದೊಡ್ಡಮ್ಮ. ತಪ್ಪು ನಂದು," ಅಂದೆ.

ಆಕೆ ಗೋಡೆಯ ಕಡೆ ತಿರುಗಿ ಮಲಗಿದಳು. ನನ್ನ ಡ್ಯೂಟಿ ಮುಗಿದಿತ್ತು. ಜೊತೆಯವರು ಬಾಗಿಲಲ್ಲಿ ನಿಂತು ಕರೆದರು. ನಾನು ಏಳಲಿಲ್ಲ.