ಸುಣ್ಣದಲ್ಲಿ ಎಳೆದ ಮನೆ

ಎಂಬತ್ತರ ದಶಕದಲ್ಲಿ ನಾನು ಠಾಣೆಯ ಒಂದು ಸಣ್ಣ ಆರ್ಕಿಟೆಕ್ಟ್ ಆಫೀಸಿನಲ್ಲಿ ನಕ್ಷೆ ಬರೆಯುತ್ತಿದ್ದೆ. ಬೇಲಾಪುರದಲ್ಲಿ ಕಲ್ಲುಕ್ವಾರಿಯ ಕೂಲಿಗಳಿಗೆಂದು ಸಾಲುಮನೆ ಕಟ್ಟುವ ಕೆಲಸ ಬಂದಿತ್ತು. ನಕ್ಷೆ ನನ್ನದೇ. ಆದರೆ ಆ ಮನೆಗಳಲ್ಲಿ ಇರಬೇಕಾದವರಲ್ಲಿ ಒಬ್ಬರ ಮುಖವನ್ನೂ ನಾನು ನೋಡಿರಲಿಲ್ಲ. ಅದೇ ಕೊರೆಯುತ್ತಿತ್ತು. ಆಫೀಸಿಗೆಂದು ಡೊಂಬಿವಲಿಯಲ್ಲಿ ಹತ್ತಿದ ಲೋಕಲ್ ರೈಲಿಗೆ ದಿವಾ ಸ್ಟೇಷನ್ನಿನಲ್ಲಿ ಜನ ನುಗ್ಗಿ ಮೈಮೇಲೆ ಬೀಳುತ್ತಿದ್ದರೂ ನಾನು ಮನಸ್ಸಿನಲ್ಲೇ ಗೋಡೆಗಳನ್ನು ಅತ್ತಿತ್ತ ಸರಿಸುತ್ತಿದ್ದೆ.

ತಡೆಯಲಾಗದೆ ಒಂದು ದಿನ ನಕ್ಷೆ ಸುತ್ತಿಕೊಂಡು ಬೇಲಾಪುರದ ಬಸ್ ಹತ್ತಿದೆ. ಕ್ವಾರಿಯ ಹೆಂಗಸರ ಮುಂದೆ ಅದನ್ನು ಹರಡಿದೆ. ಅವರು ನಕ್ಷೆಯನ್ನಲ್ಲ, ನನ್ನನ್ನು ನೋಡಿದರು. ಕಲಬುರ್ಗಿ ಕಡೆಯ ಒಬ್ಬಾಕೆ, "ಈ ಗೆರಿ ನಮಗ ತಿಳಿಯಂಗಿಲ್ರೀ. ನೆಲದ ಮ್ಯಾಲ ಹಾಕಿ ತೋರಸ್ರಿ" ಎಂದಳು.

ಕ್ವಾರಿಯ ಶೆಡ್ಡಿನಿಂದ ಸುಣ್ಣದ ಪುಡಿ ತಂದು, ಟೇಪು ಹಿಡಿದು, ಇಡೀ ಮನೆಯನ್ನು ನೆಲದ ಮೇಲೆ ಎಳೆದೆ. ಆಕೆ ಬಾಗಿಲಿದ್ದ ಕಡೆಯಿಂದಲೇ ಒಳಗೆ ಬಂದು, ಅಡುಗೆ ಮೂಲೆಯಲ್ಲಿ ಕುಳಿತು, ರೊಟ್ಟಿ ಬಡಿಯುವಂತೆ ಕೈ ಆಡಿಸಿದಳು. ಮೊಣಕೈ ಗೆರೆಯಾಚೆ ಹೋಯಿತು.

"ನೋಡ್ರಿ, ಗ್ವಾಡಿಗಿ ಬಡೀತದ."

"ನಿಂತು ಮಾಡ್ಲಿಕ್ಕೆ ಕಟ್ಟೆ ಉಂಟಲ್ಲ ಅಕ್ಕಾ" ಎಂದೆ.

"ನಿಂತು ರೊಟ್ಟಿ ಬಡೀಲಾಕ ಬರ್ತದೇನ್ರಿ?"

ಎಲ್ಲರೂ ನಕ್ಕರು.

ಆಮೇಲೆ ಒಬ್ಬರಾದ ಮೇಲೊಬ್ಬರು ಬಾಯಿಬಿಟ್ಟರು. ಸಾಲಿನ ತುದಿಯ ಬಚ್ಚಲು ಬೇಡ, ಸ್ನಾನಕ್ಕೆ ಮನೆಯೊಳಗೇ ಒಂದು ಮೋರಿ, ಅಂದರೆ ನೀರು ಹರಿದುಹೋಗುವಂಥ ಸಣ್ಣ ಬಚ್ಚಲು ಮೂಲೆ, ಬೇಕು. ಒಬ್ಬ ಮುದುಕಿಯಂತೂ ಗೆರೆಗಳ ನಡುವೆ ಕಾಲು ಚಾಚಿ ಮಲಗಿಯೇಬಿಟ್ಟಳು. ಬಾಗಿಲು ತೆರೆದರೆ ಅವಳ ಕಾಲಿಗೇ ತಾಗುತ್ತಿತ್ತು. ನಾನು ಅಳಿಸಿದೆ, ಎಳೆದೆ, ಮತ್ತೆ ಅಳಿಸಿದೆ.

ಮರುದಿನ ಆಫೀಸಿನಲ್ಲಿ ನಮ್ಮ ಸಾಹೇಬರು ರೇಗಿದರು. ಎಲ್ಲರನ್ನೂ ಕೇಳುತ್ತ ಕೂತರೆ ಕಟ್ಟುವುದು ಯಾವಾಗ ಎಂದರು. ನಾನು ಕುರ್ಚಿಯಲ್ಲಿ ಕೂರದೆ, ನಿಂತೇ ವಾದಿಸಿದೆ. ಕೊನೆಗೆ ಮೋರಿಗೂ ಅಡುಗೆ ಮೂಲೆಗೂ ಒಪ್ಪಿದರು. ಬಾಗಿಲನ್ನು ಮಾತ್ರ ಮುಟ್ಟಕೂಡದು ಎಂದರು.

ಮನೆಗಳಿಗೆ ಜನ ಬಂದರೆಂದು ತಿಳಿದ ವಾರವೇ ನೋಡಲು ಹೋದೆ. ಮೊದಲ ಮನೆಯ ಮೂಲೆಯಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ಆರಾಮಾಗಿ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಅಂದು ನನಗೆ ಪಾಠ ಹೇಳಿದವಳು ಎಲ್ಲಿ ಎಂದು ಕೇಳಿದೆ.

"ಆಕಿ ಗ್ಯಾಂಗ್ ಪನವೇಲ್ ಕಡಿ ಹೋಗ್ಯಾದ್ರಿ. ಮನಿ ಕೊಡೋ ಲಿಸ್ಟಿನಾಗ ಆಕಿ ಹೆಸರು ಬಿಟ್ಟಾರ. ಕುಂದರ್ರಿ, ರೊಟ್ಟಿ ಬಿಸಿ ಅದ."

ಕೂರಲಾಗಲಿಲ್ಲ. ಪನವೇಲಿನ ಬಸ್ ಎಲ್ಲಿ ನಿಲ್ಲುತ್ತದೆಂದು ಕೇಳಿಕೊಂಡು ಹೊರಟೆ. ಸಂಜೆಯವರೆಗೆ ಎರಡು ಸೈಟು ಸುತ್ತಿದೆ. ಆಕೆ ಸಿಗಲಿಲ್ಲ.