ಕೆಂಚನ ಹಗ್ಗ ಬಿಚ್ಚಿದವಳು

ಕೆಂಚನ ಹಗ್ಗ ತಾನಾಗಿ ಬಿಚ್ಚಿಕೊಳ್ಳಲಿಲ್ಲ. ಬಿಚ್ಚಿದವಳು ನಾನು. ಬಿಚ್ಚಿ, ಹೊಲದ ಅಂಚಿಗೆ ಕರೆದುಕೊಂಡು ಹೋಗಿ, ಚಿರತೆ ಹಿಡಿಯಲು ಇಟ್ಟಿದ್ದ ಬೋನಿನೊಳಗೆ ಅವನನ್ನು ಕೂಡಿ ಬಂದವಳೂ ನಾನೇ. ಆಮೇಲೆ ನನ್ನ ತಮ್ಮನ ಮುಖ ನೋಡಿಕೊಂಡು, ನಾಯಿ ಹಗ್ಗ ಬಿಚ್ಚಿಕೊಂಡು ಹೋಯಿತು ಅಂದೆ. ಹನ್ನೆರಡು ವರ್ಷ ಅವನು ಅದನ್ನು ನಂಬಿದ. ನಂಬಲಿ ಅಂತ ನಾನು ಸುಮ್ಮನಿದ್ದೆ.

ನಮ್ಮದು ಚಿನಕುರಳಿ ಹತ್ತಿರದ ಊರು. ಹಿಂದೆ ಕಲ್ಲುಗುಡ್ಡ, ಮುಂದೆ ನಾಲೆ, ನಡುವೆ ನಮ್ಮ ಕಬ್ಬಿನ ಹೊಲ. ಮದುವೆಯಾಗಿ ಹೋದ ಮನೆ ನನಗೆ ಆಗಿಬರಲಿಲ್ಲ — ಅದು ಬೇರೆ ಕತೆ, ಇಲ್ಲಿ ಬೇಡ — ತವರಿಗೆ ಬಂದು ಹಸು ಕಟ್ಟಿಕೊಂಡೆ. ಮನೆಯಲ್ಲಿ ಅವ್ವ, ನಾನು, ತಮ್ಮ ಚಂದ್ರು, ಆಮೇಲೆ ಅವನ ಹೆಂಡತಿ. ಜೊತೆಗೆ ಎರಡು ನಾಯಿ, ಕೆಂಚ ಮತ್ತು ರಾಣಿ.

ಕೆಂಚ ಚಂದ್ರುವಿನ ನಾಯಿ. ಕಲ್ಲು ಕ್ವಾರಿಯ ಹತ್ತಿರ ಯಾರೋ ಬಿಟ್ಟುಹೋಗಿದ್ದ ಮರಿಯನ್ನು ಅಂಗಿಯೊಳಗೆ ಹಾಕಿಕೊಂಡು ಸೈಕಲ್ಲಿನಲ್ಲಿ ತಂದಿದ್ದ. ಬೆಳೆದು ಕೆಂಪಗೆ, ಉದ್ದಕಾಲಿನ, ಒರಟು ಮೈಯ ನಾಯಿಯಾಯಿತು. ಮುದ್ದು ಮಾಡಲು ಹೋದರೆ ಪಕ್ಕಕ್ಕೆ ಸರಿದು ನಿಲ್ಲುವುದು. ಕೋಳಿಗೂಡಿಗೆ ಬಾಯಿ ಹಾಕಿ ಮೊಟ್ಟೆ ಎತ್ತುವುದರಲ್ಲಿ ಎತ್ತಿದ ಕೈ. ನಾನು ಪೊರಕೆ ಹಿಡಿದು ಅಟ್ಟಿಸಿಕೊಂಡು ಹೋದರೆ ಚಂದ್ರು ನಗುವನು. "ಬುಡಕ್ಕಾ, ಒಂದ್ ಮೊಟ್ಟೆ ತಾನೆ. ಅದೂ ನಮ್ ಮನೇದೇ ಅಲ್ವಾ" ಅನ್ನುವನು.

ರಾಣಿ ನನ್ನವಳು. ನಾನು ತವರಿಗೆ ಮರಳಿದ ಹೊಸದರಲ್ಲಿ ಬಂದ ಮರಿ. ಆಗ ಊರಿನವರೆಲ್ಲ ನನ್ನ ಹತ್ತಿರ ಮಾತನ್ನು ಅಳೆದು ಸುರಿದು ಆಡುತ್ತಿದ್ದರು, ಅವ್ವ ಕೂಡ. ಆ ಬಿಳಿ ಮರಿಗೆ ಮಾತ್ರ ನಾನು ಗಂಡನ ಮನೆ ಬಿಟ್ಟು ಬಂದವಳು ಅಂತ ಗೊತ್ತಿರಲಿಲ್ಲ. ಬಂದು ಮಡಿಲಲ್ಲಿ ಬಿದ್ದುಕೊಳ್ಳುವಳು, ಅಷ್ಟೇ. ನಾನು ಅತ್ತರೂ ಎದ್ದುಹೋಗುತ್ತಿರಲಿಲ್ಲ. ಆ ವರ್ಷ ನನ್ನ ಜೊತೆ ಕೂತು ಯಾರಾದರೂ ದಿನ ಕಳೆದರು ಅಂದರೆ ಅದು ರಾಣಿ.

ಎರಡರಲ್ಲಿ ನಿನಗೆ ಯಾವುದು ಇಷ್ಟ ಅಂತ ಕೇಳದವರಿಲ್ಲ. "ಎಲ್ಡೂ ನಂಗೊಂದೇಯಾ" ಅನ್ನುತ್ತಿದ್ದೆ. ಎಂಥ ಸುಳ್ಳಿ ನಾನು! ಎರಡೂ ತಟ್ಟೆಗೆ ಮುದ್ದೆ, ಹಾಲು ಒಂದೇ ಅಳತೆಯಲ್ಲಿ ಕಲಸಿಟ್ಟು ಎಲ್ಲರ ಕಣ್ಣಿಗೂ ತೋರಿಸುತ್ತಿದ್ದೆ. ಬಾಡಿನ ಸಾರಿನ ದಿನ ಒಳ್ಳೆಯ ಮೂಳೆ ಮಾತ್ರ ಒಳಮನೆಯಲ್ಲಿ ರಾಣಿಗೆ ಸಿಗುತ್ತಿತ್ತು. ಒಂದರ ಮೇಲೆ ಆಸೆ ಹೆಚ್ಚಿರುವುದು ತಪ್ಪು ಅಂತ ನಾನು ಇವತ್ತಿಗೂ ಅನ್ನುವುದಿಲ್ಲ. ಮನಸ್ಸು ಎಲ್ಲಿ ಒಲಿಯುತ್ತೋ ಅಲ್ಲಿ ಒಲಿಯುತ್ತೆ, ಅದಕ್ಕೆ ಕಡಿವಾಣ ಹಾಕಲಾಗದು. ಆದರೆ ಆ ಆಸೆಯಿಂದಾಗಿ ಇನ್ನೊಂದರ ಜೀವ ನನಗೆ ಹಗುರಾಯಿತಲ್ಲ — ಅಲ್ಲಿ ಇದೆ ತಪ್ಪು.

ಆ ವರ್ಷ ಗುಡ್ಡದ ಚಿರತೆ ಕಬ್ಬಿನೊಳಗೆ ಇಳಿಯಿತು. ಮೊದಲು ಪಕ್ಕದ ಬೀದಿಯ ನಾಯಿ ಕಾಣೆಯಾಯಿತು, ಆಮೇಲೆ ಕೊಟ್ಟಿಗೆಯಿಂದ ಒಂದು ಕರು. ಕತ್ತಲಾದರೆ ಊರೆಲ್ಲ ಬಾಗಿಲು ಹಾಕಿ ಕೂರುವುದು. ಅಂಥ ಹೊತ್ತಿನಲ್ಲೇ ಚಂದ್ರುವಿನ ಹೆಂಡತಿಗೆ ಅವಳ ತವರು ಹೊಣಕೆರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು. ಚಂದ್ರುವೂ ಅವ್ವನೂ ಕೂಸು ನೋಡಲು ಹೊರಟರು. ಹಸು ಬಿಟ್ಟು ಬರುವ ಹಾಗಿಲ್ಲ ಅಂತ ನಾನು ಉಳಿದೆ.

ಹೊರಡುವ ಮುಂಚೆ ಚಂದ್ರು ರಾಣಿಯನ್ನು ಒಳಗೆ ಬಿಟ್ಟ, ಕೆಂಚನನ್ನು ಕೊಟ್ಟಿಗೆಯ ಕಂಬಕ್ಕೆ ಕಟ್ಟಿದ. ಕುತ್ತಿಗೆಯ ಬೆಲ್ಟಿಗೆ ಹಗ್ಗ ಹಾಕಿ ಗಂಟು ಬಿಗಿದು, ಎರಡೆರಡು ಸಲ ಜಗ್ಗಿ ನೋಡಿದ. "ಅಕ್ಕಾ, ನಾನ್ ಬರೋಗಂಟ ಇವನ್ನ ಬುಡಬ್ಯಾಡ. ಚಿರತೆ ವಾಸನೆ ಸಿಕ್ರೆ ಅಟ್ಟುಸ್ಕಂಡ್ ಓಯ್ತನೆ, ತಲೆಕೆಟ್ಟೋನು" ಅಂದ. ಆಯ್ತು ಹೋಗಪ್ಪ ಅಂದೆ.

ಮಾರನೆಯ ದಿನ ಅರಣ್ಯ ಇಲಾಖೆಯವರು ಬೋನು ತಂದರು. ಹೆಜ್ಜೆ ಬಿದ್ದಿದ್ದು ನಮ್ಮ ಹೊಲದ ಅಂಚಿನಲ್ಲಿ, ಹಾಗಾಗಿ ಬೋನು ಅಲ್ಲೇ, ನಾಲೆಯ ಪಕ್ಕಕ್ಕೆ. ಒಳಗೆ ಎರಡು ಭಾಗ: ಮುಂದಿನದು ಚಿರತೆ ಬೀಳಲು, ಹಿಂದಿನ ಸಣ್ಣದು ಆಸೆ ತೋರಿಸಲು ಕೂಡುವ ನಾಯಿಗೋ ಮೇಕೆಗೋ. ನಡುವೆ ಕಬ್ಬಿಣದ ಜಾಲರಿ. ಸಂಜೆ ಅವರಲ್ಲೊಬ್ಬ ಮನೆಯ ಹತ್ತಿರ ಬಂದ.

"ಒಂದ್ ಮೇಕೆ ಇದ್ರೆ ಕೊಡಕ್ಕಾ. ಇಲ್ದಿದ್ರೆ ನಾಯಿ ಆದ್ರೂ ಆಯ್ತದೆ. ಜಾಲರಿ ಅದೆ, ಮೈಗೇನೂ ಆಗಲ್ಲ. ಇಷ್ಟ ಇಲ್ಲ ಅಂದ್ರೆ ಬ್ಯಾಡ, ಬ್ಯಾರೆ ಕಡೆ ನೋಡ್ತೀವಿ."

ಬೇಡ ಅನ್ನಬಹುದಿತ್ತು. ಅವನೇ ಹೇಳಿದ, ಬೇಡ ಅಂದರೆ ಬೇಡ ಅಂತ. ಆದರೆ ಚಿರತೆ ಇನ್ನೊಂದು ದಿನ ಉಳಿದರೆ ನನ್ನ ರಾಣಿಯ ಗತಿ ಏನು ಅನ್ನುವುದೊಂದೇ ನನ್ನ ತಲೆಯಲ್ಲಿ. ಅದು ಬಿದ್ದರೆ ಸಾಕು, ಹೇಗಾದರೂ ಬೀಳಲಿ. ಯಾವ ನಾಯಿ ಕೊಡಲಿ ಅಂತ ಯೋಚನೆ ಮಾಡಿದೆ ಅಂತ ಬರೆಯಲು ನನಗೂ ಆಸೆ. ಯೋಚನೆಯನ್ನೇ ಮಾಡಲಿಲ್ಲ. ನನ್ನ ಕಾಲು ನೆಟ್ಟಗೆ ಕೊಟ್ಟಿಗೆಯ ಕಂಬದ ಹತ್ತಿರ ಹೋಯಿತು.

ಚಂದ್ರು ಹಾಕಿದ ಗಂಟು ಬಲವಾಗಿತ್ತು. ಉಗುರು ಹಾಕಿ ಎಳೆದು, ಕೊನೆಗೆ ಹಲ್ಲಿನಿಂದ ಸಡಿಲಿಸಿ ಬಿಚ್ಚಿದೆ. ಹಗ್ಗ ಕಂಬದಲ್ಲೇ ಉಳಿಯಿತು. ಕೆಂಚ ಮೈ ಕೊಡವಿ ಎದ್ದವನು, ತಾನಾಗಿಯೇ ಮುಂದೆ ಹೊರಟ. ಯಾಕೆ ಗೊತ್ತೇ? ದಿನಾ ಬೆಳಗಿನ ಜಾವ ನಾನು ಹಾಲಿನ ಕ್ಯಾನು ಹಿಡಿದು ಡೈರಿಗೆ ಹೋಗುವಾಗ ಹೀಗೇ ಮುಂದೆ ಮುಂದೆ ಹೋಗುತ್ತಿದ್ದ. ರಾಣಿ ಮಂಚದ ಕೆಳಗೆ ನಿದ್ದೆ ಮಾಡುತ್ತಿದ್ದಳು; ಕತ್ತಲಲ್ಲಿ ನನ್ನ ಜೊತೆ ಬರುತ್ತಿದ್ದವನು ಕೆಂಚ. ನಾನು ಅವನಿಗೆ ಬಾ ಅಂತ ಒಂದು ದಿನವೂ ಅಂದವಳಲ್ಲ. ಬರುತ್ತಿದ್ದ. ಆ ಸಂಜೆಯೂ ನಾನು ಹಿಂದೆ ಇದ್ದೀನಾ ಅಂತ ತಿರುಗಿ ನೋಡಿಕೊಂಡೇ ನಡೆದ. ಬೋನಿನ ಹತ್ತಿರ ನಿಂತು ಮೂಸಿದ, ಹಿಂಜರಿದ. ನಾನು ಒಳಗೆ ಕೋಳಿ ಮೂಳೆ ಎಸೆದೆ — ಅಷ್ಟು ವರ್ಷ ಅವನಿಗೆ ಕೊಡದೆ ಒಳಗಿಟ್ಟುಕೊಂಡಿದ್ದಂಥ ಮೂಳೆ. ಒಳಗೆ ಹೋದ. ಆ ಇಲಾಖೆಯ ಹುಡುಗ ಬಾಗಿಲು ಹಾಕಿ, "ಬೆಳಿಗ್ಗೆ ನಾವು ಬರೋವರ್ಗೂ ನೀವು ತೆಗೀಬ್ಯಾಡಿ" ಅಂದ.

ರಾತ್ರಿ ಕೆಂಚ ಬೊಗಳಿದ್ದು ಮನೆಗೆ ಕೇಳುತ್ತಿತ್ತು. ಟಿ.ವಿ. ಸದ್ದು ಜಾಸ್ತಿ ಮಾಡಿಕೊಂಡು ಕೂತೆ. ಇದನ್ನು ಬರೆಯುವಾಗ ಕೈ ನಾಚುತ್ತದೆ, ಆದರೂ ಬರೆಯಬೇಕು.

ಬೆಳಿಗ್ಗೆ ಹಾಲು ಕರೆದು, ಡೈರಿಗೆ ಹಾಕಿ, ಆಮೇಲೆ ಹೋದೆ. ಮೊದಲು ಹಾಲು, ಆಮೇಲೆ ನಾಯಿ! ಬೋನಿನ ಮುಂದಿನ ಭಾಗ ಖಾಲಿ, ಚಿರತೆ ಬಿದ್ದಿರಲಿಲ್ಲ. ಬಂದಿತ್ತು ಮಾತ್ರ. ಸುತ್ತ ಹೆಜ್ಜೆ, ಹಿಂದಿನ ಬಾಗಿಲ ಹತ್ತಿರ ನೆಲವೆಲ್ಲ ಕೆರೆದಿತ್ತು. ಕೆಂಚ ಮೂಲೆಗೆ ಅಂಟಿಕೊಂಡು ಕೂತಿದ್ದ. ಜಾಲರಿ ಕಚ್ಚಿ ಕಚ್ಚಿ ಬಾಯಿ ರಕ್ತ. ಸ್ವರ ಸತ್ತುಹೋಗಿತ್ತು. ಅವರು ಬರುವವರೆಗೆ ತೆಗೆಯಬೇಡ ಅಂದಿದ್ದರು, ನನಗೆ ತಡೆಯಲಾಗಲಿಲ್ಲ, ಅಗುಳಿ ಎಳೆದೆ. ಬಾ ಕೆಂಚಾ, ಬಾ ಮನೆಗೆ ಹೋಗಣ ಅಂದೆ. ಹೊರಗೆ ಬಂದ. ನನ್ನ ಸೀರೆಗೆ ಮೈ ತಾಗಿಸಿಕೊಂಡು ಹೋದ, ನನ್ನನ್ನು ನೋಡಲಿಲ್ಲ. ಮನೆಯ ಕಡೆಗಲ್ಲ, ನಾಲೆ ಏರಿ ಹಿಡಿದು ಗುಡ್ಡದ ಕಡೆಗೆ ಹೋದ. ಓಡಲೂ ಇಲ್ಲ. ಕರೆದೆ, ಕೂಗಿದೆ, ಹಿಂದೆ ಓಡಿದೆ. ಕಬ್ಬಿನ ಮರೆಗೆ ಹೋದವನು ಮತ್ತೆ ಕಾಣಲಿಲ್ಲ. ಆಮೇಲೆ ಏನಾದನೋ ಇವತ್ತಿಗೂ ಗೊತ್ತಿಲ್ಲ.

ಇಲಾಖೆಯವರು ಬಂದಾಗ ನಾಯಿಯನ್ನು ಮನೆಗೆ ಬಿಟ್ಟು ಬಂದೆ ಅಂದೆ. ಚಿರತೆ ಬೇರೆ ಊರಿನ ಕಡೆ ಕಂಡಿತು ಅಂತ ಸುದ್ದಿ ಬಂದು ಬೋನೂ ಅತ್ತ ಹೋಯಿತು. ಭಯಕ್ಕೆ ಹೊಲದ ಕಡೆ ಯಾರೂ ಸುಳಿದಿರಲಿಲ್ಲ, ಊರಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಸುಳ್ಳು ಹೇಳಲು ಎಲ್ಲ ಅನುಕೂಲವಾಗಿತ್ತು.

ಅವ್ವನ ಜೊತೆ ಚಂದ್ರು ಬಂದ. ಮುಖವೆಲ್ಲ ನಗು, ಕೈಯಲ್ಲಿ ಸ್ವೀಟಿನ ಪೊಟ್ಟಣ. ಕೂಸು ಅವ್ವನ ಹಾಗೇ ಇದೆ ಅಂದ. ಆಮೇಲೆ ಕೊಟ್ಟಿಗೆ ಕಡೆ ನೋಡಿ, ಕೆಂಚ ಎಲ್ಲಕ್ಕಾ ಅಂದ.

"ಹಗ್ಗ ಬಿಚ್ಕಂಡು ಓಗ್ಬುಟ್ಟದೆ ಕಣ್ಲಾ."

ಇಷ್ಟೇ ಮಾತು. ಅವನು ಸ್ವೀಟು ಜಗುಲಿಯ ಮೇಲಿಟ್ಟು ಕಂಬದ ಹತ್ತಿರ ಹೋದ, ಹಗ್ಗದ ತುದಿ ಹಿಡಿದು ನೋಡಿದ. "ನಾನೇ ಸರಿಯಾಗ್ ಕಟ್ನಿಲ್ವೇನೋ" ಅಂದ. ಅಯ್ಯೋ, ಅಲ್ಲಿ ಬಾಯಿ ಬಿಡಬೇಕಿತ್ತು ನಾನು! ಖುಷಿಯಲ್ಲಿ ಬಂದಿದ್ದಾನೆ, ನಾಳೆ ಹೇಳೋಣ ಅಂದುಕೊಂಡೆ. ನಾಳೆ ಅವನು ಗುಡ್ಡ ಹತ್ತಿ, ಕ್ವಾರಿಯ ಹಳ್ಳಗಳಲ್ಲಿ ಇಣುಕಿ, ಕೆಂಚಾ ಕೆಂಚಾ ಅಂತ ಕೂಗಿ ಗಂಟಲು ಕಟ್ಟಿಸಿಕೊಂಡು ಬಂದ. ಅವನಿಗೆ ಕಾಫಿ ಕಾಯಿಸಿಕೊಟ್ಟೆ. ಹೇಳಲಿಲ್ಲ.

ಈಗ ಅವನು ಹೆಂಡತಿ, ಮಗಳ ಜೊತೆ ಪಾಂಡವಪುರದಲ್ಲಿದ್ದಾನೆ, ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ. ಒಳ್ಳೆಯ ಕೆಲಸಗಾರ ಅಂತ ಹೆಸರಿದೆ. ಆದರೆ ಆಟೋಗೆ ಮೋಟಾರು ಹಾಕಿ ಹಗ್ಗ ಬಿಗಿದರೆ ಮತ್ತೆ ಮತ್ತೆ ಹೋಗಿ ಗಂಟು ಮುಟ್ಟಿ ನೋಡುತ್ತಾನೆ. "ಚಂದ್ರಣ್ಣಾ, ಗಾಡಿ ಬುಡ್ಲಾ ಇಲ್ಲಾ ಇಲ್ಲೇ ಸಂಸಾರ ಮಾಡ್ಲಾ" ಅಂತ ಆಟೋದವನು ಗೇಲಿ ಮಾಡುತ್ತಾನೆ. ನಾನೂ ಅಲ್ಲಿದ್ದಾಗ ಎಲ್ಲರ ಜೊತೆ ನಕ್ಕಿದ್ದೇನೆ. ಮೊದಲು ಅವನು ಹಾಗಿರಲಿಲ್ಲ. ಹಾಗೆ ಮಾಡಿದವಳು ಪಕ್ಕದಲ್ಲೇ ನಿಂತು ಹಲ್ಲು ಬಿಡುತ್ತಿದ್ದಳು.

ರಾಣಿಯ ಮೇಲಿನ ಆಸೆ ನನಗೆ ಕಮ್ಮಿಯಾಯಿತು ಅಂದರೆ ಕೇಳುವವರಿಗೆ ಸಮಾಧಾನವಾಗಬಹುದು. ಆಗಲಿಲ್ಲ. ವಯಸ್ಸಾಗಿ ಕಣ್ಣು ಮಂಜಾಗಿ ನನ್ನ ಮಡಿಲಲ್ಲೇ ಸಾಯುವವರೆಗೂ ಅವಳನ್ನು ಅಷ್ಟೇ ಮುದ್ದು ಮಾಡಿದೆ. ಸುಖವಾಗಿ ಸತ್ತಳು. ಕೆಲವು ಸಲ ಅವಳ ತಲೆ ಸವರುತ್ತಿರುವಾಗ ಕೆಂಚನ ನೆನಪಾಗುತ್ತಿತ್ತು, ಕೈ ತೆಗೆಯುತ್ತಿರಲಿಲ್ಲ.

ಇತ್ತೀಚೆಗೆ ಚಂದ್ರುವಿನ ಮನೆಗೆ ಹೋಗಿದ್ದೆ. ಮಗಳು ಚೈತ್ರ — ಆಗ ಹೊಣಕೆರೆಯಲ್ಲಿ ಹುಟ್ಟಿದ ಕೂಸು — ನಾಯಿಮರಿ ಬೇಕು ಅಂತ ಹಟ ಹಿಡಿದು ಕೂತಿದ್ದಳು. ಗೆಳತಿಯ ಮನೆಯ ನಾಯಿ ಮರಿ ಹಾಕಿದೆಯಂತೆ. ಊಟ ಬಿಟ್ಟಿದ್ದಳು. ಚಂದ್ರು ಬೈಯಲಿಲ್ಲ. ಅವಳ ಪಕ್ಕ ಕೂತು ಮೆಲ್ಲಗೆ ಹೇಳಿದ.

"ನನ್ ಕೈಲಿ ನಾಯಿ ಉಳಿಯಕಿಲ್ಲ ಕಣವ್ವಾ. ಒಂದಿತ್ತು. ಒಂದ್ ಗಂಟು ನೆಟ್ಟಗೆ ಹಾಕಕ್ ಬರ್ದೆ ಅದನ್ನ ಚಿರತೆ ಬಾಯ್ಗೆ ಕೊಟ್ಟೋನು ನಾನು. ಇನ್ನೊಂದ್ ಜೀವ ಬ್ಯಾಡ."

ನಾನು ಅವರೆಕಾಯಿ ಸುಲಿಯುತ್ತಿದ್ದೆ. ತಲೆ ಎತ್ತಲಾಗಲಿಲ್ಲ. ಆ ದಿನವೂ ಹೇಳದೆ ಬಸ್ಸು ಹತ್ತಿದೆ — ಎಂಥ ಹೇಡಿ! ದಾರಿಯುದ್ದಕ್ಕೂ ಅವನ ಮಾತೇ. ನಾನು ಮಾಡಿದ ತಪ್ಪನ್ನು ಅವನು ತನ್ನ ಮಗಳ ಮುಂದೆ ತನ್ನದು ಅಂತ ಒಪ್ಪಿಕೊಂಡಿದ್ದ.

ಮುಂದಿನ ಭಾನುವಾರ ಮತ್ತೆ ಹೋದೆ. ತಮ್ಮನ ಹೆಂಡತಿ ಅಡಿಗೆಮನೆಯಲ್ಲಿದ್ದಳು, ಚೈತ್ರ ಹೊರಗೆ ಆಡುತ್ತಿದ್ದಳು. ಚಂದ್ರು ಒಬ್ಬನೇ ಇದ್ದಾಗ ಹೇಳಿದೆ. ಬೋನು, ಮೂಳೆ, ಟಿ.ವಿ., ಹಾಲು, ನಾಲೆ ಏರಿ — ಒಂದನ್ನೂ ಬಿಡಲಿಲ್ಲ. ಅಳಬಾರದು ಅಂತ ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. ಅತ್ತರೆ ಅವನು ನನ್ನನ್ನೇ ಸಮಾಧಾನ ಮಾಡಿಬಿಡುತ್ತಾನೆ, ಅಂಥವನು ಅವನು. ಪೂರಾ ಕೇಳಿಸಿಕೊಂಡ.

"ಅಂಗಾರೆ ನಾನ್ ಹಾಕಿದ್ ಗಂಟು ಬಿಚ್ಕಂಡಿರ್ನಿಲ್ವಾ?"

"ಇಲ್ಲ ಕಣೋ. ಕೈಯಲ್ಲಿ ಬಿಚ್ಚಕ್ಕಾಗ್ದೆ ಹಲ್ಲು ಹಾಕ್ದೆ."

ತನ್ನ ಎರಡು ಅಂಗೈಗಳನ್ನು ಹಿಡಿದು ನೋಡಿಕೊಂಡ. ಆಮೇಲೆ ಕೇಳಿದ, ಬೈಗುಳದ ದನಿಯಲ್ಲಲ್ಲ, ಸುಮ್ಮನೆ ತಿಳಿದುಕೊಳ್ಳುವವನ ಹಾಗೆ:

"ರಾಣಿ ಒಬ್ಳೇ ಇದ್ದಿದ್ರೆ ಕೊಡ್ತಿದ್ಯಾ ಅಕ್ಕಾ?"

ಕೊಡುತ್ತಿದ್ದೆ ಅನ್ನಬಹುದಿತ್ತು. ಚಿರತೆಯ ಭಯ, ಊರಿನ ಹಿತ, ಹಸುಗಳು — ಮಾತು ಬೇಕಾದಷ್ಟಿತ್ತು.

"ಇಲ್ಲ" ಅಂದೆ.

ಚಂದ್ರು ಎದ್ದ. ಚಪ್ಪಲಿ ಮೆಟ್ಟಿಕೊಂಡ. "ಊಟ ಮಾಡ್ಕಂಡು ಓಗು" ಅಂದವನು ಭಾನುವಾರವಾದರೂ ಅಂಗಡಿಗೆ ಹೋದ. ಅವನ ಹೆಂಡತಿ ಬಡಿಸಿದಳು. ತಿಂದೆ. ಸಂಜೆಯ ಬಸ್ಸಿನವರೆಗೂ ಕಾದೆ, ಅವನು ಬರಲಿಲ್ಲ.

ವಾರಕ್ಕೆರಡು ಸಲ ಫೋನು ಮಾಡುತ್ತಿದ್ದವನು ಆಮೇಲೆ ಮಾಡಿಲ್ಲ. ಸಿಟ್ಟು ಇಳಿಯಲಿ ಅಂತ ನಾನು ಕಾಯುತ್ತಿಲ್ಲ. ಇಳಿಯಲೇಬೇಕು ಅಂತ ಕೇಳುವ ಹಕ್ಕು ನನಗಿಲ್ಲ. ಮೊನ್ನೆ ಚೈತ್ರ ಫೋನು ಮಾಡಿದ್ದಳು. ಉಸಿರು ಬಿಡದೆ ಮಾತು.

"ಅತ್ತೆ, ಅಪ್ಪ ನಾಯಿಮರಿ ತಂದವ್ರೆ! ಅಪ್ಪನೇ ಓಗಿ ತಂದ್ರು! ನಾನ್ ನಿಮ್ಮನ್ನ ಕರೀತೀನಿ ಅಂದೆ. ಅಪ್ಪ, ಈಗ್ಲೇ ಬ್ಯಾಡ, ಮರಿ ಮನೆಗೆ ಒಗ್ಗಲಿ, ಆಮ್ಯಾಕೆ ನೋಡಣ ಅಂದ್ರು."

ಸರಿ ಮಗಾ, ಅಪ್ಪ ಹೇಳಿದ ಹಾಗೇ ಆಗಲಿ ಅಂದೆ. ಆ ಕಡೆ ಮರಿ ಕುಂಯ್ ಅಂದದ್ದು ಕೇಳಿಸಿತು, ಚಂದ್ರು ನಕ್ಕಿದ್ದೂ ಕೇಳಿಸಿತು. ಅದರ ಹೆಸರೇನು ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ.